ಹರ್ಪಿಸ್ ಪ್ರೋಟೀನುಗಳ ನೆಲೆ ಪತ್ತೆಹಚ್ಚಲು ಪ್ರತಿಕಾಯವೋ, ಜಿಎಫ್‌ಪಿಯೋ?

ಬೆಂಗಳೂರಿನಲ್ಲಿ ಈಗಷ್ಟೇ ಪಿಎಚ್‌ಡಿ ಆರಂಭಿಸಿರುವ ವಿದ್ಯಾರ್ಥಿನಿಯೊಬ್ಬರು, ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಪ್ರೋಟೀನುಗಳು ಸೋಂಕಿತ ಜೀವಕೋಶದಲ್ಲಿ ಎಲ್ಲಿ ನೆಲೆಸುತ್ತವೆ ಎಂದು ತಿಳಿಯಲು ಗುರಿ ಪ್ರೋಟೀನಿಗೆ ಅಂಟಿ ಅದನ್ನು ತೋರಿಸುವ ಪ್ರತಿಕಾಯ (ಆಂಟಿಬಾಡಿ), ಇಲ್ಲವೇ ಆ ಪ್ರೋಟೀನಿಗೇ ಬಾಲದಂತೆ ಜೋಡಿಸುವ, ತಾನೇ ಹಸಿರಾಗಿ ಹೊಳೆಯುವ ಪ್ರೋಟೀನಾದ ಜಿಎಫ್‌ಪಿ, ಈ ಎರಡರಲ್ಲಿ ಯಾವ ವಿಧಾನ ಒಳ್ಳೆಯದೆಂದು ಕೇಳಿದ್ದಾರೆ.

ಸಮಯ ಮುಖ್ಯವಾದರೆ ಪ್ರತಿಕಾಯವೇ ಸುಲಭ. ಒಳ್ಳೆಯ ಪ್ರತಿಕಾಯ ಕೈಯಲ್ಲಿದ್ದರೆ ಒಂದೆರಡು ದಿನಗಳಲ್ಲಿ ಚಿತ್ರ ಸಿಗುತ್ತದೆ. ಜಿಎಫ್‌ಪಿಗಾದರೋ ವೈರಸ್ಸಿನ ಸುಮಾರು 1,52,000 ಬೇಸ್ ಜೋಡಿಗಳ ಜೀನೋಮನ್ನು ತಿದ್ದಿ, ಹೊಸ ವೈರಸ್ಸನ್ನು ಬೇರ್ಪಡಿಸಿಕೊಳ್ಳಬೇಕು.

ನಂಬಿಕೆಯ ಪ್ರಶ್ನೆಯಲ್ಲಿ ಎರಡಕ್ಕೂ ತೊಡಕುಗಳಿವೆ, ಇಲ್ಲಿ ಅವಸರ ಬೇಡವೆಂಬುದು ನನ್ನ ಕಳಕಳಿಯ ಮಾತು. ಸೋಂಕಿತ ಕೋಶದ ಮೇಲ್ಮೈಯಲ್ಲಿರುವ ಜಿಇ-ಜಿಐ ಎಂಬ ವೈರಸ್ ಪ್ರೋಟೀನ್ ಜೋಡಿಯು ಮೊಲದ ಪ್ರತಿಕಾಯಗಳ ಬಾಲವನ್ನೇ ಹಿಡಿದುಕೊಳ್ಳುವುದರಿಂದ, ಗುರಿಯೇ ಇಲ್ಲದ ಕಡೆಯೂ ಹೊಳಪು ಕಾಣಬಹುದು. ಮೊದಲೇ ಮಾನವ ಐಜಿಜಿ (ರಕ್ತದಲ್ಲಿನ ಸಾಮಾನ್ಯ ಪ್ರತಿಕಾಯ) ಹಾಕಿ ತಡೆಯುವುದು, ಇಲ್ಲವೇ ಇಲಿಯ ಪ್ರತಿಕಾಯ ಬಳಸುವುದು ಕ್ಷೇಮ. ಕೋಶವನ್ನು ಮೆಥನಾಲಿನಲ್ಲಿ ಸ್ಥಿರಗೊಳಿಸುವಾಗಲೂ ಪ್ರೋಟೀನು ಸ್ಥಳ ಬದಲಿಸಬಹುದು. ವಿಪಿ22 ಎಂಬ ವೈರಸ್ ಪ್ರೋಟೀನಿನ ವಿಷಯದಲ್ಲಿ ಇದೇ ದೊಡ್ಡ ಗೊಂದಲಕ್ಕೆ ಕಾರಣವಾಗಿತ್ತು. ಜಿಎಫ್‌ಪಿಗೆ ಸ್ಥಿರೀಕರಣ ಬೇಕಿಲ್ಲ, ಆದರೆ 238 ಅಮೈನೋ ಆಮ್ಲಗಳ ಆ ಬಾಲವೇ ಪ್ರೋಟೀನಿನ ನಡೆಯನ್ನು ಬದಲಿಸಬಲ್ಲದು.

ಐಸಿಪಿ0 ಎಂಬ ವೈರಸ್ ಪ್ರೋಟೀನು ಸೋಂಕಿನ ಆರಂಭದಲ್ಲಿ ಕೋಶಕೇಂದ್ರದ ಪಿಎಂಎಲ್ ಎಂಬ ಕೋಶದ ಪ್ರೋಟೀನಿನ ಚುಕ್ಕೆಗಳಲ್ಲಿ ಸೇರಿ, ಅವನ್ನು ಚದುರಿಸಿ, ನಂತರ ಕೋಶರಸಕ್ಕೆ ಬರುತ್ತದೆ. ಇಂಥ ಪಯಣವನ್ನು ಒಂದೇ ಜೀವಂತ ಕೋಶದಲ್ಲಿ ಹಿಂಬಾಲಿಸಲು ಜಿಎಫ್‌ಪಿ ಬೇಕೇ ಬೇಕು. ವೈರಸ್ಸಿನ ಜಿಡಿಯಂಥ ಗ್ಲೈಕೋಪ್ರೋಟೀನು (ಸಕ್ಕರೆ ಅಂಟಿದ ಪ್ರೋಟೀನು) ಮೇಲ್ಮೈಯಲ್ಲೆಷ್ಟು, ಒಳಗೆಷ್ಟು ಎಂದು ನೋಡುವವರಿಗೆ, ಪೊರೆಯನ್ನು ತೂತಾಗಿಸದೆ ಒಮ್ಮೆ, ತೂತಾಗಿಸಿ ಮತ್ತೊಮ್ಮೆ ಹಚ್ಚುವ ಪ್ರತಿಕಾಯವೇ ಸ್ಪಷ್ಟ ಉತ್ತರ ಕೊಡುತ್ತದೆ.