ಹೈ ಗ್ಲೂಕೋಸ್ ಡಿಎಂಇಎಂ: ಐದು ವರ್ಷ ಬಳಸಿದ ಮೇಲೆ

ಐದು ವರ್ಷದಿಂದ ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಡಿಎಂಇಎಂ ಎಂಬ ಈ ಮೀಡಿಯಾ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವ, ಇಲ್ಲದ ದಿನವಿಲ್ಲ. ಎಚ್‌ಇಕೆ 293 ಎಂಬ ಮಾನವ ಮೂತ್ರಪಿಂಡ ಮೂಲದ ಕೋಶಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಶೇ 10ರಷ್ಟು ಸೀರಮ್ (ಪ್ರಾಣಿಗಳ ರಕ್ತದಿಂದ ತೆಗೆದ ತಿಳಿ ದ್ರವ) ಸೇರಿಸಿದರೆ ಎರಡು ಮೂರು ದಿನಕ್ಕೆ ಫ್ಲಾಸ್ಕ್ ತುಂಬುತ್ತದೆ. ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುವುದರಿಂದ ವಾರದ ಕೊನೆಯ ರಜೆಯಲ್ಲೂ ಕೋಶಗಳು ಸೊರಗುವುದಿಲ್ಲ.

ಹಾಗಂತ ಎಲ್ಲಕ್ಕೂ ಇದನ್ನೇ ಸುರಿಯಬೇಡಿ. ನಾನು ಸುರಿದಿದ್ದೆ.

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಈಸ್ಟ್ರೋಜನ್ ಹಾರ್ಮೋನಿನ ಪರಿಣಾಮ ನೋಡುತ್ತಿದ್ದೆ. ಹಾರ್ಮೋನ್ ಹಾಕಿದ ಪ್ಲೇಟು, ಹಾಕದ ಪ್ಲೇಟು, ಎರಡೂ ಹೆಚ್ಚುಕಡಿಮೆ ಒಂದೇ ಥರ ಬೆಳೆದಿದ್ದವು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. ತಪ್ಪಿದ್ದದ್ದು ಬಾಟಲಿಯಲ್ಲೇ. ಮೀಡಿಯಾಗೆ ಕೆಂಪು ಬಣ್ಣ ಕೊಡುವ ಫೀನಾಲ್ ರೆಡ್ ಈ ಕೋಶಗಳ ಮೇಲೆ ಈಸ್ಟ್ರೋಜನ್ ಥರ ಕೆಲಸ ಮಾಡುತ್ತದೆ ಅಂತ 1986ರಲ್ಲೇ ವರದಿಯಾಗಿತ್ತು. ಸೀರಮ್‌ನಲ್ಲೂ ಹಾರ್ಮೋನ್ ಇರುತ್ತದೆ. ಫೀನಾಲ್ ರೆಡ್ ಇಲ್ಲದ ಡಿಎಂಇಎಂ, ಜೊತೆಗೆ ಹಾರ್ಮೋನ್ ಹೋಗುವಂತೆ ಚಾರ್ಕೋಲ್‌ನಿಂದ ಶೋಧಿಸಿದ ಸೀರಮ್ ತಂದ ಮೇಲೆ ವ್ಯತ್ಯಾಸ ಕಣ್ಣಿಗೇ ಕಂಡಿತು. ಅಷ್ಟು ದಿನದ ಕೆಲಸ ಹೋದದ್ದು ಇನ್ನೂ ಬೇಜಾರು.

ಉಳಿದಂತೆ ಆ ಬಣ್ಣ ಒಳ್ಳೆಯ ಸಂಗಾತಿ. ಹಳದಿಗೆ ತಿರುಗಿದರೆ ಆಮ್ಲ ಜಾಸ್ತಿಯಾಗಿದೆ, ಮೀಡಿಯಾ ಬದಲಿಸಿ ಅಂತ ಅರ್ಥ. ಆದರೆ ಇದರಲ್ಲಿ ಆಮ್ಲವನ್ನು ಸರಿದೂಗಿಸುವ ಬೈಕಾರ್ಬೊನೇಟ್ ಲೀಟರಿಗೆ 3.7 ಗ್ರಾಂ. ಇನ್ಕ್ಯುಬೇಟರ್ (ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ) ಒಳಗಿನ ಗಾಳಿಯಲ್ಲಿ ಶೇ 10ರ ಕಾರ್ಬನ್ ಡೈಆಕ್ಸೈಡಿಗೆ ಲೆಕ್ಕ ಹಾಕಿ ಇಟ್ಟ ಪ್ರಮಾಣ ಅದು. ನಮ್ಮ ಇನ್ಕ್ಯುಬೇಟರ್ ಶೇ 5ರಲ್ಲಿ ಓಡುತ್ತದೆ, ಹೆಚ್ಚಿನವರದ್ದೂ ಅಷ್ಟೇ ಅಲ್ವಾ? ನನ್ನ ಕೋಶಗಳು ತಡೆದುಕೊಂಡಿವೆ. ಆದರೆ ಫ್ಲಾಸ್ಕ್ ಹೊರಗಿಟ್ಟು ಕೋಶ ಎಣಿಸುತ್ತಾ ಕೂತರೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಆಮ್ಲ ಇಳಿದು, ನೋಡನೋಡುತ್ತಲೇ ಕೆಂಪು ಹೋಗಿ ಗುಲಾಬಿ ಬರುತ್ತದೆ.

ಜರ್ಕಟ್ ಎಂಬ ರಕ್ತಕೋಶಗಳ ಥರ ತೇಲಾಡುವ ಕೋಶಗಳಿಗೆ ಆರ್‌ಪಿಎಂಐ 1640 ಎಂಬ ಬೇರೆ ಮೀಡಿಯಾ ತಗೊಳ್ಳಿ. ಅದರಲ್ಲಿ ಕ್ಯಾಲ್ಸಿಯಂ ಇದರ ಕಾಲು ಭಾಗದಷ್ಟೂ ಇಲ್ಲ, ಕೋಶಗಳು ಗಂಟು ಕಟ್ಟುವುದು ಕಡಿಮೆ. ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಾ ಹೋಗುವ ಕೋಶಗಳ ತಳಿ) ಜೊತೆ ಬರುವ ಹಾಳೆಯಲ್ಲಿ ಯಾವ ಮೀಡಿಯಾ ಬರೆದಿದೆಯೋ ಅದರಲ್ಲೇ ಶುರು ಮಾಡಿ. ಬದಲಿಸಲೇಬೇಕಾದರೆ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ನಿಧಾನವಾಗಿ. ಒಂದಿಷ್ಟು ಕೋಶ ಹಳೆಯ ಮೀಡಿಯಾದಲ್ಲೇ ಇರಲಿ.

ಇನ್ನೊಂದು ಮಾತು, ಮೀಡಿಯಾದಲ್ಲಿರುವ ಅಮೈನೋ ಆಮ್ಲ ಗ್ಲುಟಮಿನ್ ಬಗ್ಗೆ. ದ್ರಾವಣದಲ್ಲಿ ಅದು ತಾನಾಗಿಯೇ ಒಡೆದು ಅಮೋನಿಯಾ ಬಿಡುತ್ತದೆ, ಬೆಚ್ಚಗಿದ್ದರೆ ಇನ್ನೂ ಬೇಗ. ಇಡೀ ಬಾಟಲಿಯನ್ನು ದಿನಾ ವಾಟರ್ ಬಾತಿಗೆ ಇಳಿಸುವುದನ್ನು ನಿಲ್ಲಿಸಿದ್ದೇನೆ. ಬೇಕಾದಷ್ಟನ್ನು ಮಾತ್ರ ಟ್ಯೂಬಿಗೆ ಬಗ್ಗಿಸಿಕೊಂಡು ಬಿಸಿ ಮಾಡುತ್ತೇನೆ. ಬಾಟಲಿ ತೆರೆದ ತಾರೀಖು ಮುಚ್ಚಳದ ಮೇಲೆ ಬರೆದಿರುತ್ತೇನೆ.