ಎಂಟು ಮಡಿಕೆ, ಆರು ಮಡಿಕೆ, ರೋಲ್: ಖಾಲಿ ತೋಟಾಗೆ ಎರಡನೇ ಸಲ ಯಾವ ಕ್ರಿಂಪ್?

ಗುಂಡು ಹೊಡೆಯುವ ರೇಂಜಿನಲ್ಲಿ ಬಿದ್ದಿರುವ ಖಾಲಿ ತೋಟಾ ಕೈಗೆತ್ತಿಕೊಂಡರೆ ನಾನು ಮೊದಲು ನೋಡುವುದು ಅದರ ಬಾಯಿ. ಒಳಗಿನ ಚರೆ (ಸಣ್ಣ ಗುಂಡು) ಚೆಲ್ಲದಂತೆ ಆ ಬಾಯಿ ಮುಚ್ಚುವ ರೀತಿಗೇ ಕ್ರಿಂಪ್ ಅನ್ನುವುದು. ಕಂಪನಿ, ಬಣ್ಣ ಎಲ್ಲ ಆಮೇಲೆ. ಮಡಿಕೆ ಆರಾ, ಎಂಟಾ? ಅದು ಗೊತ್ತಾದರೆ ಆ ಕೇಸಿನ ಮುಂದಿನ ದಾರಿ ಅರ್ಧ ತೀರ್ಮಾನವಾದಂತೆ.

ಇಲ್ಲಿ ಮಿಶಿಗನ್‌ನಲ್ಲಿ ಹೊಸದಾಗಿ ರೀಲೋಡಿಂಗ್, ಅಂದರೆ ಖಾಲಿ ತೋಟಾ ಮತ್ತೆ ತುಂಬುವ ಕೆಲಸ, ಹಿಡಿದವರೆಲ್ಲ ಕೇಳುವುದು ಇದನ್ನೇ. ಎಂಟು ಮಡಿಕೆಯ ಕೇಸಿಗೆ ಆರು ಮಡಿಕೆ ಹಾಕಬಹುದಾ? ಮಡಿಕೆಯ ಗೋಜೇ ಬೇಡ ಅಂತ ರೋಲ್ ಕ್ರಿಂಪ್ ಮಾಡಿದರೆ? ನನ್ನ ಗ್ಯಾರೇಜಿನಲ್ಲಿ ಇವೆಲ್ಲವನ್ನೂ ಮಾಡಿ ನೋಡಿದ್ದೇನೆ. ಎಲ್ಲವೂ 12 ಬೋರ್. ತೋಟಾ ತುಂಬುವ ಪ್ರೆಸ್ ಮೆಕ್ 600 ಜೂನಿಯರ್. ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆ ಹೊಡೆಯಲು ಒಂದು ಈಗಿನ ಕೋವಿ ಇದೆ. ಜೊತೆಗೆ ಒಂದು ಹಳೆಯ ಇಂಗ್ಲಿಷ್ ಜೋಡುನಳಿಗೆ ಇದೆ, ಅದರ ಚೇಂಬರ್ (ತೋಟಾ ಕೂರುವ ಜಾಗ) 65 ಮಿ.ಮೀ. ಮಾತ್ರ. ತಲೆನೋವೆಲ್ಲ ಅದರದ್ದೇ.

ಊರಿನಿಂದ ಓದುವವರಿಗೆ ಒಂದು ಮಾತು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳುವುದು ಮಾಮೂಲಿ ಹವ್ಯಾಸ. ಭಾರತದಲ್ಲಿ ಹಾಗಲ್ಲ. ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆಯಲ್ವಾ ಅಂತ ಕೇಳಬೇಡಿ, ಕೋವಿ ಬೇರೆ, ತೋಟಾ ತಯಾರಿ ಬೇರೆ.

ಮೊದಲು ಎಲ್ಲರೂ ಮಾಡುವ ದಾರಿ: ಎಂಟು ಮಡಿಕೆಯ ಕೇಸಿಗೆ ಮತ್ತೆ ಎಂಟೇ ಮಡಿಕೆ. ಟ್ರ್ಯಾಪ್, ಸ್ಕೀಟ್ ಎಂಬ ಬಿಲ್ಲೆ ಹೊಡೆಯುವ ಆಟಗಳಿಗೆ ಬರುವ ತೋಟಾಗಳಲ್ಲಿ ಹೆಚ್ಚಿನವು ಎಂಟು ಮಡಿಕೆಯವು. ವಿಂಚೆಸ್ಟರ್ ಎಎ, ರೆಮಿಂಗ್ಟನ್ ಎಸ್‌ಟಿಎಸ್, ಫೆಡರಲ್ ಗೋಲ್ಡ್ ಮೆಡಲ್ ಎಲ್ಲ ಈ ಪೈಕಿ. ಮೆಕ್ ಪ್ರೆಸ್‌ನ ಕ್ರಿಂಪ್ ಸ್ಟಾರ್ಟರ್, ಅಂದರೆ ಮಡಿಕೆ ಶುರುಮಾಡುವ ಭಾಗ, ಹಲ್ಲಿರುವ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದು ಗಟ್ಟಿಯಾಗಿ ಕೂತಿರುವುದಿಲ್ಲ, ಸುಮ್ನೆ ತಿರುಗುತ್ತದೆ. ಹಿಡಿ ಕೆಳಗೆ ಎಳೆದಾಗ ಅದು ತಾನಾಗಿ ಅಷ್ಟಿಷ್ಟು ತಿರುಗಿ, ಹಳೆಯ ಮಡಿಕೆಯ ಗೆರೆ ಹುಡುಕಿ ಕೂರುತ್ತದೆ. ಎಂಟು ಎಸಳೂ ಹಳೆಯ ಜಾಗದಲ್ಲೇ ಮಡಚಿಕೊಳ್ಳುತ್ತವೆ. ಆಮೇಲಿನ ಒತ್ತು ಕೊಟ್ಟರೆ ಬಾಯಿ ಚಪ್ಪಟೆ, ನಡುವೆ ತೂತಿಲ್ಲ. ಅಂಚಿನಿಂದ ಒಳಗೆ ಸುಮಾರು 1.4 ಮಿ.ಮೀ. ಆಳ ಬಂದರೆ ಸಾಕು. ಇದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ, ಕೆಲಸ ಮಾಡುತ್ತದೆ ಅಷ್ಟೇ. ಮಡಿಕೆಯ ಮೂಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಕಾಣುವ ತನಕ ಅದೇ ಕೇಸು ಮತ್ತೆ ಮತ್ತೆ ಬರುತ್ತದೆ.

ಎರಡನೆಯದು, ಎಂಟರ ಮೇಲೆ ಆರು. ಬೇಕು ಅಂತ ಯಾರೂ ಇದನ್ನು ಮಾಡುವುದಿಲ್ಲ. ಹೆಕ್ಕಿ ತಂದ ಕೇಸುಗಳು ಕಲಸಿಹೋದಾಗ, ಇಲ್ಲವೇ ಪ್ರೆಸ್‌ನಲ್ಲಿ ಆರರ ಸ್ಟಾರ್ಟರ್ ಇರುವಾಗ ಆಗುವ ಕೆಲಸ. ಲೀ ಲೋಡ್-ಆಲ್ ಎಂಬ ಇನ್ನೊಂದು ಪ್ರೆಸ್ ಜೊತೆ ಆರು, ಎಂಟು ಎರಡೂ ಸ್ಟಾರ್ಟರ್ ಬರುತ್ತವೆ, ಹಾಗಾಗಿ ಪ್ರಯೋಗ ಮಾಡಲು ಕೈ ತುರಿಸುವುದು ಸಹಜ.

ಇಸ್ತ್ರಿ ಹಾಕಿದ ಪಂಚೆಯನ್ನು ಬೇರೆ ಗೆರೆಯಲ್ಲಿ ಮಡಚಿ ನೋಡಿ, ಹಳೆಯ ಗೆರೆ ಬಿಡುವುದಿಲ್ಲ. ಈ ಪ್ಲಾಸ್ಟಿಕ್ಕೂ ಅಂಥದ್ದೇ. ಆರರ ಸ್ಟಾರ್ಟರ್ ತಿರುಗಿ ತಿರುಗಿ ಜಾಗ ಹುಡುಕುತ್ತದೆ, ಆರೂ ಹಲ್ಲಿಗೆ ಒಟ್ಟಿಗೆ ಗೆರೆ ಸಿಗುವುದಿಲ್ಲ. ಎರಡು ಹಲ್ಲು ಹಳೆಯ ಗೆರೆಯ ಮೇಲೆ ಬಿದ್ದರೆ ಉಳಿದ ನಾಲ್ಕು ಎಸಳಿನ ನಡುವೆ ಊರುತ್ತವೆ. ಒಂದು ಎಸಳು ಇನ್ನೊಂದರ ಅಡಿಗೆ ನುಸುಳುತ್ತದೆ, ಇನ್ನೊಂದು ಕಿವಿಯಂತೆ ಹೊರಗೆ ನಿಲ್ಲುತ್ತದೆ. ಕೊನೆಗೆ ಬಾಯಿ ಸುಳಿಯಾಗಿ ತಿರುಚಿಕೊಂಡು ನಡುವೆ ತೂತು ಉಳಿಯುತ್ತದೆ. ಒಂಬತ್ತನೇ ನಂಬರಿನ ಚರೆ 2 ಮಿ.ಮೀ. ದಪ್ಪ, ಏಳೂವರೆಯದು ಸುಮಾರು 2.4. ತೂತು ಅಷ್ಟಾದರೆ ಜೇಬಿನಲ್ಲಿ ಚರೆ, ನಳಿಗೆಯಲ್ಲಿ ಚರೆ. ಮೇಣದ ಹನಿ ಬಿಟ್ಟು ಮುಚ್ಚುವವರಿದ್ದಾರೆ. ನಾನೂ ಬಿಟ್ಟು ನೋಡಿದೆ, ಚರೆ ನಿಂತಿತು. ಆದರೆ ಒಂದರ ಬಾಯಿ ಸಡಿಲ, ಇನ್ನೊಂದರದ್ದು ಬಿಗಿ. ಕ್ರಿಂಪ್ ಎಷ್ಟು ಬಿಗಿ ಹಿಡಿಯುತ್ತದೆ ಅನ್ನುವುದರ ಮೇಲೆ ಮದ್ದು ಉರಿಯುವ ರೀತಿಯೂ ಒತ್ತಡವೂ ನಿಂತಿರುವಾಗ ಇದು ಬರೀ ಅಂದಚಂದದ ಪ್ರಶ್ನೆಯಲ್ಲ.

ಆರರ ಮೇಲೆ ಎಂಟು? ಅದೇ ಕಥೆ, ಇನ್ನೂ ಕಚ್ಚಾ. ಆರು ಮಡಿಕೆಯವು ಹೆಚ್ಚಾಗಿ ಬೇಟೆಯ ತೋಟಾಗಳು, ನನಗೆ ಸಿಕ್ಕವುಗಳ ಗೋಡೆ ಗಡುಸು. ಚಿಕ್ಕ ಎಸಳಾಗಿ ಒಡೆಯಲು ಅವು ಒಪ್ಪಲೇ ಇಲ್ಲ.

ಈಗ ರೋಲ್ ಕ್ರಿಂಪ್. ನಮ್ಮ ಕಡೆ ಹಳೆಯ ಕಾಗದದ ತೋಟಾ ನೋಡಿದವರಿಗೆ ಇದು ಗೊತ್ತು. ಚರೆಯ ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲಕ್ಕೆ ಒಳಮುಖವಾಗಿ ಸುರುಳಿ ಸುತ್ತಿದ ಅಂಚು. ಡ್ರಿಲ್ ಪ್ರೆಸ್‌ಗೆ ರೋಲ್ ಮಾಡುವ ತಲೆ ಸಿಕ್ಕಿಸಿ, ನಿಮಿಷಕ್ಕೆ 300 ಸುತ್ತಿನ ಆಸುಪಾಸಿನಲ್ಲಿ ನಿಧಾನ ಇಳಿಸಬೇಕು. ಉಜ್ಜಿದ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಒಳಗೆ ಸುರುಳಿಕೊಳ್ಳುತ್ತದೆ. ತುಂಬಿದ ತೋಟಾಗೆ ಮಾಡುವ ಕೆಲಸ ಇದು. ಹಾಗಾಗಿ ಕೇಪಿನ (ತಳದಲ್ಲಿ ಕೂತು ಮದ್ದಿಗೆ ಬೆಂಕಿ ಹಚ್ಚುವ ಪ್ರೈಮರ್) ಕೆಳಗೆ ಗುಳಿ ಇರುವ ಹಿಡಿಕೆ ಬೇಕು, ಕೇಪಿಗೆ ಏನೂ ತಾಗಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ. ಮಿಶಿಗನ್ ಚಳಿಯಲ್ಲಿ ತಣ್ಣಗಿನ ತಲೆ ಕೆಲಸ ಮಾಡುವುದಿಲ್ಲ. ಮೊದಲು ಬೇಡದ ಖಾಲಿ ಕೇಸಿನ ಮೇಲೆ ತಿರುಗಿಸಿ ಬಿಸಿ ಮಾಡಿಕೊಳ್ಳುತ್ತೇನೆ.

ಹೊಸ, ಮಡಿಕೆ ಕಾಣದ ಕೇಸಿಗೆ ಇದು ಬೆಣ್ಣೆಯಂತೆ ಆಗುತ್ತದೆ. ಒಮ್ಮೆ ಮಡಿಕೆ ಕಂಡದ್ದಕ್ಕೆ ಹಾಗೇ ಮಾಡಿದರೆ ಅಂಚು ಅಲೆ ಅಲೆ. ಮಡಿಕೆ ಕ್ರಿಂಪ್‌ಗಾಗಿ ಬಾಯಿಯ ತುದಿಯನ್ನು ತೆಳು ಮಾಡಿರುತ್ತಾರೆ, ಆ ತೆಳು ತುದಿ ಗೆರೆಯಲ್ಲಿ ಸಿಕ್ಕಿ ಕುಸಿಯುತ್ತದೆ. ಹಾಗಾದರೆ ತುದಿ ಕತ್ತರಿಸಿದರೆ ಆಯಿತಲ್ಲ? ನನ್ನ ಜೋಡುನಳಿಗೆಗೆ ಹೇಗೂ 70 ಮಿ.ಮೀ. ಕೇಸನ್ನು 65ಕ್ಕೆ ಇಳಿಸಲೇಬೇಕು. ಒಳಗೆ ಮರದ ಗೂಟ ತೂರಿಸಿ, ಬ್ಲೇಡ್ ಊರಿ ಹಿಡಿದು ಕೇಸು ತಿರುಗಿಸಿದರೆ ಉಂಗುರದ ಹಾಗೆ ಕಳಚಿ ಬರುತ್ತದೆ.

ಇಲ್ಲೊಂದು ಲೆಕ್ಕ ಇದೆ. ಮಡಿಕೆ ಕ್ರಿಂಪ್ ಕೇಸಿನಲ್ಲಿ ಸುಮಾರು 12 ಮಿ.ಮೀ. ನುಂಗುತ್ತದೆ. ರೋಲ್‌ಗೆ ಬೇಕಾಗುವುದು ಸುಮಾರು 6. ಕತ್ತರಿಸಿದ್ದು 5. ಅಂದರೆ ತೆಳು ತುದಿ, ಸುಟ್ಟ ತುದಿ ಹೋಯಿತು, ಆದರೆ ಹಳೆಯ ಗೆರೆ ಇನ್ನೂ 7 ಮಿ.ಮೀ. ಉಳಿದಿದೆ. ರೋಲ್ ಬೀಳುವುದೂ ಅದರ ಮೇಲೆಯೇ! ಬರೀ ಕತ್ತರಿಸಿದವುಗಳಲ್ಲಿ ಅಲೆ ಕಡಿಮೆಯಾಯಿತು, ಹೋಗಲಿಲ್ಲ. ಸಾಲ್ಡರಿಂಗ್ ಐರನ್‌ಗೆ ಅಲ್ಯೂಮಿನಿಯಂ ಗೂಟ ಸಿಕ್ಕಿಸಿ, ಅದರ ಬಿಸಿಯಲ್ಲಿ ಬಾಯನ್ನು ಒಂದೆರಡು ಸುತ್ತು ತಿರುಗಿಸಿದ ಮೇಲೆ ಗೆರೆ ಮಾಸಿತು, ರೋಲ್ ಸಲೀಸಾಗಿ ಕೂತಿತು. ಇದನ್ನು ಖಾಲಿ ಕೇಸಿಗೆ, ಹಳೆಯ ಕೇಪು ತೆಗೆದ ಮೇಲೆ, ಮದ್ದಿನ ಡಬ್ಬಿ ಇಲ್ಲದ ಕೋಣೆಯಲ್ಲಿ ಮಾಡಿ. ಕತ್ತರಿಸದೆ ಬರೀ ಇಸ್ತ್ರಿ ಮಾಡಿದರೂ ಸುಮಾರಾಗಿ ಬರುತ್ತದೆ, ಆದರೆ ತೆಳು ತುದಿ ಕೈ ಕೊಡುತ್ತದೆ. ಎರಡೂ ಸೇರಿದರೇ ಸರಿ.

ಇನ್ನೊಂದು ಲಾಭ ಇದೆ. 65ರ ಕೇಸಿಗೆ ರೋಲ್ ಮಾಡಿದಾಗ ತೋಟಾದ ಉದ್ದ ಹೆಚ್ಚು ಕಡಿಮೆ 70ರ ಮಡಿಕೆ ತೋಟಾದಷ್ಟೇ, ಸುಮಾರು 58-59. ಒಳಗಿನ ಜಾಗವೂ ಬಹುತೇಕ ಅಷ್ಟೇ. ಇದೇ ಕಾರಣಕ್ಕೆ ಒಂದು ಅಪಾಯವೂ ಉಂಟು. ಮಡಿಕೆಯ 70ರ ತೋಟಾ ಹಳೆಯ 65ರ ಚೇಂಬರಿಗೆ ಸಲೀಸಾಗಿ ಇಳಿಯುತ್ತದೆ! ತೋಟಾದ ಮೇಲೆ ಬರೆದಿರುವುದು ಬಿಚ್ಚಿದಾಗಿನ ಉದ್ದ. ಈಡು ಹಾರಿದಾಗ ಬಾಯಿ ಬಿಚ್ಚಿ ಮುಂದಿನ ಇಕ್ಕಟ್ಟಿಗೆ ಹೋಗುತ್ತದೆ, ಒತ್ತಡ ಏರುತ್ತದೆ. ಇಳಿಯಿತು ಅಂದ ಮಾತ್ರಕ್ಕೆ ಹೊಂದಿತು ಅಂತಲ್ಲ. ಹಾಗೆಯೇ ಜಾಗ ಅಷ್ಟೇ ಇದೆ ಅಂತ ಮಡಿಕೆ ಕ್ರಿಂಪ್‌ನ ಲೆಕ್ಕವನ್ನು ರೋಲ್‌ಗೆ ಹಾಕಬೇಡಿ. ಕೇಸು, ಕೇಪು, ಮದ್ದು, ವಾಡ್ (ಮದ್ದಿಗೂ ಚರೆಗೂ ನಡುವಿನ ಅಡ್ಡೆ), ಚರೆಯ ತೂಕ, ಕ್ರಿಂಪ್ ಆರೂ ಸೇರಿ ಒಂದು ಅಚ್ಚಾದ ರೆಸಿಪಿ. ರೋಲ್ ಅಂತ ಬರೆದಿರುವ, ಹಳೆಯ ಕೋವಿಗೆ ತಕ್ಕ ಕಡಿಮೆ ಒತ್ತಡದ ರೆಸಿಪಿಯೇ ಬೇಕು.

ರೋಲ್‌ಗೆ ಯಾವ ಕೇಸು? ನನ್ನ ಮತ ಚೆಡ್ಡೈಟ್, ಫಿಯೋಕಿ ಥರದ ನೇರ ಗೋಡೆಯವಕ್ಕೆ. ತೆಳು ತುದಿ ಬಿಟ್ಟರೆ ಮೇಲಿಂದ ಕೆಳಗೆ ಗೋಡೆ ಒಂದೇ ದಪ್ಪ, ಎಲ್ಲಿ ಕತ್ತರಿಸಿದರೂ ಬಾಯಿ ಹಾಗೇ ಇರುತ್ತದೆ. ಎಸ್‌ಟಿಎಸ್‌ನ ಗೋಡೆ ಕೆಳಗೆ ಹೋದಂತೆ ದಪ್ಪವಾಗುತ್ತದೆ, ಅದು ಎಂಟು ಮಡಿಕೆಗೇ ಹುಟ್ಟಿದ್ದು, ಅದನ್ನು ಅಲ್ಲೇ ಬಿಡಿ. ಚೆಡ್ಡೈಟ್ ಕೇಪು ಉಳಿದ 209 ಸೈಜಿನ ಕೇಪುಗಳಿಗಿಂತ ಕೂದಲೆಳೆಯಷ್ಟು ದಪ್ಪ. ಒಮ್ಮೆ ಅದನ್ನು ಹಾಕಿದ ಗುಳಿಯಲ್ಲಿ ಬೇರೆ ಕೇಪು ಸಡಿಲವಾಗುತ್ತದೆ, ಆ ಕೇಸಿಗೆ ಮುಂದೂ ಅದೇ ಕೇಪು.

ಮಡಿಕೆಯವರು ರೋಲ್ ಮೇಲೆ ಹೊರಿಸುವ ಹಳೆಯ ಆರೋಪ, ರಟ್ಟಿನ ಬಿಲ್ಲೆ ಚರೆಯ ನಡುವೆ ಸಿಕ್ಕಿ ಹರಡಿಕೆಯಲ್ಲಿ ತೂತು ಮಾಡುತ್ತದೆ ಅಂತ. ತೆಳು ಬಿಲ್ಲೆ ಹಾಕಿ, ದೊಡ್ಡ ಕಾಗದ ಕಟ್ಟಿ 25 ಗಜದಿಂದ ಹೊಡೆದು ನೋಡಿದೆ. ನನ್ನ ಕಣ್ಣಿಗೆ ಎರಡರಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಮಯದ ವ್ಯತ್ಯಾಸ ಮಾತ್ರ ಚೆನ್ನಾಗಿ ಕಾಣುತ್ತದೆ. ಮೆಕ್‌ನಲ್ಲಿ ಒಂದು ಡಬ್ಬಿ ಎಂಟು ಮಡಿಕೆ ತುಂಬಿ ಕಾಫಿ ಕುಡಿದು ಬಂದರೂ ರೋಲ್‌ನ ಡಬ್ಬಿ ಅರ್ಧದಲ್ಲೇ ಇರುತ್ತದೆ.

ಹಾಗಾಗಿ ಬಿಲ್ಲೆ ಹೊಡೆಯಲು ಎಂಟರ ಮೇಲೆ ಎಂಟು, ಕಣ್ಣು ಮುಚ್ಚಿ. ಆರರದ್ದು ಸಿಕ್ಕರೆ ಬೇರೆ ಬುಟ್ಟಿಗೆ, ಅದಕ್ಕೆ ಆರರದ್ದೇ ಸ್ಟಾರ್ಟರ್. ರೋಲ್ ಜೋಡುನಳಿಗೆಗೆ ಮಾತ್ರ. 65ಕ್ಕೆ ಕತ್ತರಿಸಿದವು ಬೇರೆ ಡಬ್ಬಿಯಲ್ಲಿ, ಮೇಲೆ ದಪ್ಪ ಅಕ್ಷರದಲ್ಲಿ ಉದ್ದ ಬರೆದು. ರಟ್ಟಿನ ಬಿಲ್ಲೆಯ ಮೇಲೆ ಪೆನ್ನಿನಲ್ಲಿ ಚರೆಯ ನಂಬರೂ ಬರೆದುಬಿಡುತ್ತೇನೆ, ಮಡಿಕೆಯ ತೋಟಾದಲ್ಲಿ ಆ ಅನುಕೂಲ ಇಲ್ಲ.