ಸೂಪರ್‌ಮ್ಯಾನ್ ಅಂಗಿಯ ಸುಕ್ಕು ತಪ್ಪಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ನನ್ನ ಟೇಲರ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಹೊಲಿಗೆಯೇ ನನ್ನ ಕೆಲಸ. ಈಗ 2025ರ 'ಸೂಪರ್‌ಮ್ಯಾನ್' ಸಿನಿಮಾದ ಪರವಾಗಿ ಬರೆಯಲು ಕೂತಿದ್ದೇನೆ. ಯಾಕಂದ್ರೆ ಅದರ ಮೇಲಿನ ಜಗಳ ಶುರುವಾದದ್ದೇ ಬಟ್ಟೆಯಿಂದ.

2024ರ ಮೇ ತಿಂಗಳಲ್ಲಿ ಹೊಸ ಸೂಪರ್‌ಮ್ಯಾನ್‌ನ ಮೊದಲ ಫೋಟೋ ಬಂತು. ಡೇವಿಡ್ ಕೊರೆನ್ಸ್‌ವೆಟ್ ಎಂಬ ನಟ ಕೂತು ಕೆಂಪು ಬೂಟು ಏರಿಸಿಕೊಳ್ಳುತ್ತಿದ್ದ. ನಮ್ಮಣ್ಣನ ಮಗ ಅಂಗಡಿಗೆ ಬಂದು ಮೊಬೈಲನ್ನು ನನ್ನ ಮೂಗಿಗೆ ಹಿಡಿದ. "ಕಾಕಾ, ನೋಡಿಲ್ಲಿ. ಎಷ್ಟ್ ಸುಕ್ಕಾಗ್ಯಾದ. ನೀ ಹೊಲ್ದಿದ್ರ ಹಿಂಗ್ ಆಗ್ತಿದ್ದಿಲ್ಲ" ಅಂದ.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಆತ ಬಾಗಿ ಕೂತಿದ್ದ. ಮೈ ಮಡಚಿದ ಕಡೆ ಬಟ್ಟೆಯೂ ಮಡಚಿತ್ತು. ಅಷ್ಟೇ. ನನಗೆ ಕೆಲಸ ಕಲಿಸಿದ ಉಸ್ತಾದರು ಗಿರಾಕಿಗೆ ಅಂಗಿ ತೊಡಿಸಿ ಸುಮ್ಮನೆ ನಿಲ್ಲಿಸಿ ನೋಡುತ್ತಿರಲಿಲ್ಲ. "ಕೈ ಎತ್ತು, ಬಗ್ಗು, ಕೂಡು" ಅನ್ನುತ್ತಿದ್ದರು. ನಿಂತಾಗ ಒಂದು ಸುಕ್ಕೂ ಕಾಣದ ಅಂಗಿ ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಹರಿಯುತ್ತದೆ. ಸ್ವಲ್ಪ ಲೂಸು ಬಿಡಲೇಬೇಕು. ಆ ಫೋಟೋದಲ್ಲಿ ನನಗೆ ಕಂಡದ್ದು ಕೆಲಸಕ್ಕೆ ಹೊರಟವನ ಬಟ್ಟೆ.

ನಮ್ಮ ಹುಡುಗನಿಗೆ 2013ರ ಸೂಪರ್‌ಮ್ಯಾನ್ ಸಿನಿಮಾ ಅಂದ್ರೆ ಜೀವ. ಜ಼ಾಕ್ ಸ್ನೈಡರ್ ಮಾಡಿದ್ದು, ಹೆನ್ರಿ ಕ್ಯಾವಿಲ್ ಸೂಟು ಹಾಕಿಕೊಂಡಿದ್ದು. ಮಬ್ಬು ನೀಲಿ, ಮೇಲೆಲ್ಲ ಸರಪಳಿಯಂಥ ನೇಯ್ಗೆ, ಮೈಗೆ ಅಂಟಿದ ಹಾಗೆ. ಅದೂ ಒಳ್ಳೆಯ ಕೈಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ದೂರದಿಂದ ಕೈ ಮುಗಿಯುವ ಮೂರ್ತಿಯ ಹಾಗಿತ್ತು. ಜೂಡಿಯಾನಾ ಮಕೋವ್ಸ್ಕಿ ಮಾಡಿದ ಈ ಹೊಸ ಸೂಟಿನಲ್ಲಿ ಬಣ್ಣ ಬಿಚ್ಚಿ ಕಾಣುತ್ತದೆ. ಕುತ್ತಿಗೆಗೆ ಎತ್ತರದ ಕಾಲರ್ ಇದೆ. ಮೇಲಿನ ಗೆರೆಗಳು ಹೊಲಿಗೆಯ ಗೆರೆಗಳು ಅಂತ ಗೊತ್ತಾಗುತ್ತದೆ. ಮುಖ್ಯವಾಗಿ ಮೇಲೆ ಕೆಂಪು ಚಡ್ಡಿ ಇದೆ.

ಆ ಚಡ್ಡಿಗೆ ಎಷ್ಟು ನಕ್ಕರು! 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ಸೂಪರ್‌ಮ್ಯಾನ್‌ನನ್ನು ಕಾಮಿಕ್ಸ್‌ನಲ್ಲಿ ತಂದಾಗಲೇ ಅದು ಇತ್ತು. ಸರ್ಕಸ್ಸಿನಲ್ಲಿ ಭಾರ ಎತ್ತುವ ಪೈಲ್ವಾನರು ಹಾಗೇ ಹಾಕುತ್ತಿದ್ದರು. 2011ರಲ್ಲಿ ಕಾಮಿಕ್ಸ್‌ನಿಂದ ತೆಗೆದರು, 2013ರ ಸಿನಿಮಾದಲ್ಲೂ ಇರಲಿಲ್ಲ. ಈ ಸಲ ನಿರ್ದೇಶಕ ಜೇಮ್ಸ್ ಗನ್‌ಗೂ ಇಡಬೇಕೋ ಬೇಡವೋ ಅಂತ ಅನುಮಾನ ಇತ್ತಂತೆ. ಕೊರೆನ್ಸ್‌ವೆಟ್ ಒಂದು ಮಾತು ಹೇಳಿದನಂತೆ: ಇವನು ಆಕಾಶದಲ್ಲಿ ಹಾರುತ್ತಾನೆ, ಕಣ್ಣಲ್ಲಿ ಬೆಂಕಿ ಬರುತ್ತದೆ, ಮಕ್ಕಳು ಹೆದರಬಾರದು ಅಂತಲೇ ಹೀಗೆ ಉಡುತ್ತಾನೆ. ಇದನ್ನು ಓದಿದಾಗ ನಮ್ಮ ಜಾತ್ರೆಯ ಕುಸ್ತಿ ನೆನಪಾಯಿತು. ಕೆಂಪು ಚಡ್ಡಿಯ ಪೈಲ್ವಾನ ಅಖಾಡದಿಂದ ಹೊರಗೆ ಬಂದರೆ ಸಣ್ಣ ಹುಡುಗರೆಲ್ಲ ಅವನ ತೋಳು ಮುಟ್ಟಲು ಓಡುತ್ತಾರೆ. ಯಾರೂ ಹೆದರುವುದಿಲ್ಲ.

2025ರ ಜುಲೈ 11ಕ್ಕೆ ಸಿನಿಮಾ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಇಲ್ಲ. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಕಾರ್ಟೂನ್ ಸಿನಿಮಾ ಕನ್ನಡದಲ್ಲೂ ಬಂದಿತ್ತು, ಇದಕ್ಕೆ ಯಾಕಾಗಲಿಲ್ಲ ಅಂತ ನನಗೆ ನಿಜಕ್ಕೂ ಬೇಜಾರು. ನಾವಿಬ್ಬರೂ ಹಿಂದಿಯಲ್ಲೇ ನೋಡಿದೆವು.

ಶುರುವಿನಲ್ಲೇ ಸೂಪರ್‌ಮ್ಯಾನ್ ಮೊದಲ ಸಲ ಸೋತು ಹಿಮದಲ್ಲಿ ಬಂದು ಬೀಳುತ್ತಾನೆ. ಬಾಯಲ್ಲಿ ರಕ್ತ. ಎಲುಬು ಮುರಿದಿದೆ. ಅವನ ನಾಯಿ ಕ್ರಿಪ್ಟೊ ಬಂದು ಎಳೆದುಕೊಂಡು ಹೋಗುತ್ತದೆ. ನಮ್ಮ ಹುಡುಗ ಅಲ್ಲೇ ಕಿವಿಯಲ್ಲಿ ಅಂದ, "ಇವ ಎಂಥಾ ಸೂಪರ್‌ಮ್ಯಾನ್ ಕಾಕಾ, ಬರೇ ಹೊಡ್ತ ತಿಂತಾನ." ಸಿನಿಮಾ ಮುಗಿದ ಮೇಲೂ ಅವನ ಗೆಳೆಯರೆಲ್ಲರದ್ದೂ ಅದೇ ಮಾತು. ತಾಕತ್ತು ಇಲ್ಲ, ಮೆತ್ತಗೆ, ಅಳುತ್ತಾನೆ.

ನಾನು ಅವರಿಗೆ ಕೇಳಿದ್ದು ಇಷ್ಟು. ಹೊಡೆತವೇ ತಾಗದವನು ಇನ್ನೊಬ್ಬರಿಗೆ ಅಡ್ಡ ನಿಂತರೆ ಅದರಲ್ಲಿ ಏನಿದೆ? ಊರಿನೊಳಗೆ ದೊಡ್ಡ ರಾಕ್ಷಸ ಪ್ರಾಣಿ ನುಗ್ಗಿದಾಗ ಅದರ ಕಾಲ ಕೆಳಗಿನಿಂದ ಇವನು ಒಂದು ಅಳಿಲನ್ನು ಎತ್ತಿಕೊಂಡು ಹೋಗಿ ಬಿಡುತ್ತಾನೆ. ಬಿಡುಗಡೆಗೆ ಮೊದಲು ತೋರಿಸಿದಾಗ ಆ ಅಳಿಲು ಕೆಲವರಿಗೆ ಹಿಡಿಸಲಿಲ್ಲವಂತೆ, ಆದರೂ ಗನ್ ಅದನ್ನು ಉಳಿಸಿಕೊಂಡರು. ಒಳ್ಳೆಯದು ಮಾಡಿದರು. 2013ರ ಸಿನಿಮಾದಲ್ಲಿ ಕಟ್ಟಡ ಮೇಲೆ ಕಟ್ಟಡ ಬಿದ್ದಾಗ ಒಳಗಿದ್ದ ಜನ ಏನಾದರು ಅಂತ ನನಗೆ ಹೊಟ್ಟೆಯಲ್ಲಿ ಕಸಿವಿಸಿ ಆಗಿತ್ತು. ಇಲ್ಲಿ ಇವನು ಹೊಡೆದಾಟದ ನಡುವೆಯೂ ಕೆಳಗೆ ಯಾರಿದ್ದಾರೆ ಅಂತ ನೋಡುತ್ತಲೇ ಇರುತ್ತಾನೆ.

ಇನ್ನೊಬ್ಬನಿದ್ದಾನೆ, ಮಲಿಕ್. ರಸ್ತೆ ಬದಿಯಲ್ಲಿ ಫಲಾಫೆಲ್ ಮಾರುವವನು. ಅಂದರೆ ಕಡಲೆ ರುಬ್ಬಿ ಎಣ್ಣೆಯಲ್ಲಿ ಕರಿದ ವಡೆ. ಸೂಪರ್‌ಮ್ಯಾನ್ ರಸ್ತೆಯಲ್ಲಿ ಗುಂಡಿ ಬೀಳುವ ಹಾಗೆ ಬಂದು ಬಿದ್ದಾಗ ಎಲ್ಲರೂ ನಿಂತು ನೋಡುತ್ತಾರೆ, ಮಲಿಕ್ ಇಳಿದು ಕೈ ಕೊಡುತ್ತಾನೆ. ಹಿಂದೊಮ್ಮೆ ಸೂಪರ್‌ಮ್ಯಾನ್‌ಗೆ ಬಿಟ್ಟಿ ತಿನ್ನಿಸಿದ್ದವನು. ನನ್ನ ಅಂಗಡಿ ಎದುರಿನ ಮಿರ್ಚಿ ಭಜಿ ಬಂಡಿಯವರು ಮಳೆ ಬಂದ ದಿನ ನನ್ನ ಹೊರಗಿನ ಬಟ್ಟೆ ಗಂಟನ್ನು ತಾವೇ ಒಳಗೆ ತಂದಿಡುತ್ತಾರೆ. ಮಲಿಕ್‌ನನ್ನು ನೋಡಿದಾಗ ಅವರೇ ಕಣ್ಣ ಮುಂದೆ ಬಂದರು. ಮುಂದೆ ವಿಲನ್ ಲೆಕ್ಸ್ ಲೂಥರ್ ಆ ಮಲಿಕ್‌ಗೆ ಏನು ಮಾಡುತ್ತಾನೋ ಅದನ್ನು ನೋಡಿ ನಾನು ಕುರ್ಚಿಯ ಕೈ ಗಟ್ಟಿ ಹಿಡಿದೆ. ಸಣ್ಣ ಮಕ್ಕಳಿದ್ದರೆ ಅಲ್ಲಿ ಕಣ್ಣು ಮುಚ್ಚಿಸಿ. ಅಲ್ಲಿ ಸೂಪರ್‌ಮ್ಯಾನ್ ಬೇಡಿಕೊಳ್ಳುತ್ತಾನೆ. ಇದನ್ನೇ ಹುಡುಗರು ಮೆತ್ತಗೆ ಅನ್ನುವುದು. ಒಬ್ಬ ಬಂಡಿಯವನಿಗಾಗಿ ಬೇಡಿಕೊಳ್ಳುವ ಹೀರೋನನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಪಾತ್ರಗಳು ಜಾಸ್ತಿ. ಮಿಸ್ಟರ್ ಟೆರಿಫಿಕ್ ಎಂಬ ಇನ್ನೊಬ್ಬ ಹೀರೋ ಬಂದಾಗೆಲ್ಲ ಖುಷಿಯಾಗುತ್ತದೆ, ಉಳಿದ ಜೊತೆಗಾರರಿಗೆ ಬಟ್ಟೆ ಸಾಲದೆ ತುಂಡು ಜೋಡಿಸಿದ ಹಾಗಿದೆ. ಲೂಥರ್ ಕಟ್ಟಿದ ಬೇರೆ ಲೋಕದ ಸೆರೆಮನೆ ಭಾಗ ಹತ್ತು ನಿಮಿಷ ಕಡಿಮೆ ಇರಬಹುದಿತ್ತು. ಕೊನೆಯಲ್ಲಿ ಗಾಳಿಯಲ್ಲಿ ತೇಲುತ್ತ ಮುತ್ತು ಕೊಡುವ ದೃಶ್ಯಕ್ಕೆ ನಮ್ಮ ದೇಶದಲ್ಲಿ ಕತ್ತರಿ ಹಾಕಿದ್ದಾರೆ, ಕತ್ತರಿಸಿದ ಅಂಚು ಕಣ್ಣಿಗೆ ಹೊಡೆಯುತ್ತದೆ.

ಹಳೆಯ ಅಭಿಮಾನಿಗಳಿಗೆ ಜಾಸ್ತಿ ಸಿಟ್ಟು ಬಂದದ್ದು ಹೆತ್ತವರ ವಿಷಯಕ್ಕೆ. ಅವನು ಹುಟ್ಟಿದ ಕ್ರಿಪ್ಟಾನ್ ಗ್ರಹದಿಂದ ತಂದೆ ತಾಯಿ ಕಳಿಸಿದ ಸಂದೇಶ ಅರ್ಧ ಕೆಟ್ಟಿರುತ್ತದೆ. ಜನರಿಗೆ ಸೇವೆ ಮಾಡು ಅಂತ ಹೇಳಿದ್ದಾರೆ ಅಂದುಕೊಂಡೇ ಇವನು ಬದುಕಿರುತ್ತಾನೆ. ಉಳಿದರ್ಧ ಸಿಕ್ಕಿದಾಗ ಅವರು ಹೇಳಿದ್ದು ಜನರ ಮೇಲೆ ಆಳ್ವಿಕೆ ಮಾಡು ಅಂತ. "ಇಷ್ಟ್ ವರ್ಷದ ಕಥಿ ಹಾಳ್ ಮಾಡ್ಯಾರ" ಅಂತ ನಮ್ಮ ಹುಡುಗ ಇವತ್ತಿಗೂ ವಾದ ಮಾಡುತ್ತಾನೆ.

ನಾನು ಒಪ್ಪುವುದಿಲ್ಲ. ನಾನು ಬೆಳೆದದ್ದು ಚಿಂಚೋಳಿ ಕಡೆಯ ಹಳ್ಳಿಯಲ್ಲಿ, ಸೋದರಮಾವನ ಮನೆಯಲ್ಲಿ. ಅತ್ತೆ ತೊಗರಿ ಒಕ್ಕಿದ ದುಡ್ಡಿನಲ್ಲಿ ನನಗೆ ಮೊದಲ ಕತ್ತರಿ ಕೊಡಿಸಿದರು. ಸಿನಿಮಾದಲ್ಲಿ ಸೂಪರ್‌ಮ್ಯಾನ್‌ನನ್ನು ಸಾಕಿದ ಕೆಂಟ್ ದಂಪತಿ ಹಾಗೇ ಇದ್ದಾರೆ. ದಪ್ಪ ಮೈಯ ರೈತ, ಫೋನಿನಲ್ಲಿ ಜೋರಾಗಿ ಕೂಗಿ ಮಾತಾಡುವ ಹೆಂಗಸು. ಚಂದ ಕಾಣಲಿ ಅಂತ ಅವರನ್ನು ಒಂಚೂರೂ ತಿದ್ದಿಲ್ಲ. ಶುರುವಿನಲ್ಲಿ ಗಾಯಗೊಂಡ ಮಗನಿಗೆ ರೋಬೋಟ್‌ಗಳು ಸಮಾಧಾನಕ್ಕೆ ಕ್ರಿಪ್ಟಾನ್ ಸಂದೇಶ ಹಾಕುತ್ತವೆ. ಕೊನೆಯಲ್ಲಿ ಅದೇ ಜಾಗದಲ್ಲಿ ಹಾಕುವುದು ಈ ಹೊಲದ ಮನೆಯ ಹಳೆಯ ವಿಡಿಯೋ. ಸಣ್ಣ ಹುಡುಗ, ಎತ್ತಿಕೊಂಡ ಅಪ್ಪ, ಅಮ್ಮ. ನನಗೆ ಕಣ್ಣು ತುಂಬಿ ಬಂತು.

ಹೋದ ವಾರ ಒಬ್ಬ ತಾಯಿ ಮಗನ ಶಾಲೆಯ ವೇಷಕ್ಕೆ ಸೂಪರ್‌ಮ್ಯಾನ್ ಬಟ್ಟೆ ಹೊಲಿಸಲು ಬಂದರು. "ಚಡ್ಡಿ ಮ್ಯಾಲ ಬೇಕು ಅಂಕಲ್" ಅಂತ ಹುಡುಗ ಎರಡು ಸಲ ಹೇಳಿದ. ಕೈ ಎತ್ತಿಸಿ, ಬಗ್ಗಿಸಿ, ಕೂಡಿಸಿ ಅಳತೆ ತಗೊಂಡೆ. ಎದೆಯ ಮೇಲಿನ ಗುರುತು ನನಗೆ ಸರಿಯಾಗಿ ಬರಲಿಲ್ಲ. ನಮ್ಮಣ್ಣನ ಮಗ ಬಂದು ಕಾಗದದ ಮೇಲೆ ಬರೆದುಕೊಟ್ಟ. ಹೊಸ ಸಿನಿಮಾದ್ದೇ ಬರೆದಿದ್ದ.